ಹಳೆಯ ಪಿಕಪ್ ಟ್ರಕ್ಕಿನ ರೋಗನಿದಾನ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕೃಷಿಪ್ರಾಂತ್ಯಗಳಲ್ಲಿ ಸಂಚರಿಸುವವರಿಗೆ ಹೊಲದ ಮನೆಗಳ ಅಂಗಳದಲ್ಲಿ ಪಿಕಪ್ ಟ್ರಕ್ಕುಗಳು ನಿಂತಿರುವ ದೃಶ್ಯ ಅತಿ ಸಾಮಾನ್ಯವಾದುದು. ಮುಂಭಾಗದಲ್ಲಿ ಇಬ್ಬರು ಮೂವರು ಕೂರುವಷ್ಟು ಸ್ಥಳ, ಹಿಂಭಾಗದಲ್ಲಿ ಮೇಲ್ಛಾವಣಿಯಿಲ್ಲದ ತೊಟ್ಟಿ. ಇಷ್ಟೇ ಅದರ ಸ್ವರೂಪ. ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿ ತಲೆಮಾರುಗಳ ಕಾಲ ಯಾವ ಕೆಲಸವನ್ನು ಮಾಡಿತೋ, ಆ ಕೆಲಸವನ್ನು ಅಲ್ಲಿ ಈ ವಾಹನವು ಮಾಡುತ್ತ ಬಂದಿದೆ. ಮೇವು, ಗೊಬ್ಬರ, ಬೇಲಿಯ ಕಂಬ, ಕಾಯಿಲೆಯ ಕರು, ಸಂತೆಗೆ ಹೋಗುವ ಧಾನ್ಯ ಎಲ್ಲವೂ ಅದರ ಬೆನ್ನಮೇಲೆಯೇ.

ಫೋರ್ಡ್ ಕಂಪನಿಯು ಕಾರ್ಖಾನೆಯಲ್ಲಿಯೇ ತೊಟ್ಟಿಯನ್ನು ಜೋಡಿಸಿದ ತನ್ನ ಮೊದಲ ಪಿಕಪ್ಪನ್ನು ೧೯೨೫ರಲ್ಲಿ ೨೮೧ ಡಾಲರುಗಳ ಬೆಲೆಗೆ ಮಾರಾಟಕ್ಕೆ ತಂದಿತು. ೧೯೪೮ರಲ್ಲಿ ಅದರ ಪ್ರಸಿದ್ಧವಾದ 'ಎಫ್' ಶ್ರೇಣಿಯ ಟ್ರಕ್ಕುಗಳು ಬಂದವು. ೧೯೬೫ರಿಂದ ೧೯೯೬ರವರೆಗೆ ಈ ಶ್ರೇಣಿಯ ಟ್ರಕ್ಕುಗಳಿಗೆ ೩೦೦ ಘನ ಅಂಗುಲ, ಎಂದರೆ ೪.೯ ಲೀಟರು ಗಾತ್ರದ ಒಂದು ಇಂಜಿನು ದೊರೆಯುತ್ತಿತ್ತು. ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳಿರುವ ಈ ಸರಳವಾದ ಯಂತ್ರವು ದೀರ್ಘಾಯುಷ್ಯಕ್ಕೆ ಹೆಸರಾದುದು. ಇಂತಹ ಹಳೆಯ ಟ್ರಕ್ಕುಗಳು ಇಂದಿಗೂ ಅಲ್ಲಿ ದುಡಿಯುತ್ತಿವೆ. ಅವುಗಳನ್ನು ಮನೆಯಲ್ಲಿಯೇ ದುರಸ್ತಿ ಮಾಡಿಕೊಳ್ಳುವ ಪರಿಪಾಠವೂ ಉಳಿದುಬಂದಿದೆ.

ಇಂತಹ ಒಂದು ಟ್ರಕ್ಕು ಒಂದು ಮುಂಜಾನೆ ಚಾಲೂ ಆಗಲಿಲ್ಲವೆಂದು ಭಾವಿಸೋಣ. ಹುಲ್ಲು ಹೊಲದಲ್ಲಿದೆ, ಆಕಾಶದಲ್ಲಿ ಮೋಡವಿದೆ, ಪಟ್ಟಣವು ಐವತ್ತು ಮೈಲಿ ದೂರದಲ್ಲಿದೆ. ಯಜಮಾನನು ಏನು ಮಾಡಬೇಕು? ಬ್ಯಾಟರಿಯನ್ನು ಬದಲಿಸೋಣವೆಂದು ಒಬ್ಬರು ಹೇಳುತ್ತಾರೆ. ಪೆಟ್ರೋಲ್ ಪಂಪನ್ನು ಬದಲಿಸೆಂದು ಮತ್ತೊಬ್ಬರು. ಕಾರ್ಬುರೇಟರೇ ಕೆಟ್ಟಿದೆಯೆಂದು ಮೂರನೆಯವರು. ಮೂವರ ಮಾತನ್ನೂ ಕೇಳಿದರೆ ಹಣವೂ ಹೊತ್ತೂ ಕಳೆದು, ಟ್ರಕ್ಕು ನಿಂತಲ್ಲಿಯೇ ನಿಂತಿರುವುದು ಅಸಂಭವವೇನಲ್ಲ. ವೈದ್ಯನು ನಾಡಿಯನ್ನು ನೋಡದೆ ಔಷಧವನ್ನು ಕೊಡುವುದಿಲ್ಲ. ಯಂತ್ರದ ವಿಷಯದಲ್ಲಿಯೂ ನಿದಾನ ಮೊದಲು, ಚಿಕಿತ್ಸೆ ಅನಂತರ. ಆ ನಿದಾನದ ಕ್ರಮವಾದರೋ, ಶಾಲೆ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ನೀವು ಕಲಿಯುವ ವಿಜ್ಞಾನದ ಕ್ರಮವೇ ಹೊರತು ಬೇರೆಯಲ್ಲ.

ಇಂಜಿನಿನ ನಾಲ್ಕು ಅಗತ್ಯಗಳು

ಪೆಟ್ರೋಲ್ ಇಂಜಿನು ಎಷ್ಟೇ ಜಟಿಲವಾಗಿ ಕಂಡರೂ ಅದು ಓಡಲು ಬೇಕಾದುವು ನಾಲ್ಕೇ. ಮೊದಲನೆಯದು, ಗಾಳಿ ಮತ್ತು ಪೆಟ್ರೋಲುಗಳ ಸರಿಯಾದ ಮಿಶ್ರಣ. ಎರಡನೆಯದು, ಆ ಮಿಶ್ರಣವನ್ನು ಸಿಲಿಂಡರಿನೊಳಗೆ ಅದುಮಿ ಹಿಡಿಯುವ ಸಂಪೀಡನ. ಮೂರನೆಯದು, ಅದನ್ನು ಹೊತ್ತಿಸುವ ಕಿಡಿ. ನಾಲ್ಕನೆಯದು, ಇವೆಲ್ಲವೂ ತಕ್ಕ ಗಳಿಗೆಯಲ್ಲಿ ಒದಗುವುದು. ಈ ನಾಲ್ಕೂ ಇದ್ದರೆ ಇಂಜಿನು ಓಡಲೇಬೇಕು. ಓಡದಿದ್ದರೆ ನಾಲ್ಕರಲ್ಲಿ ಒಂದಾದರೂ ಇಲ್ಲವೆಂದೇ ಅರ್ಥ.

ಮಿಶ್ರಣದ ಲೆಕ್ಕವನ್ನು ನೋಡಿರಿ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ಕಿಲೋಗ್ರಾಂ ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು ೯,೦೦೦ ಲೀಟರು ಗಾಳಿ! ಧೂಳು ತುಂಬಿದ ಗಾಳಿಶೋಧಕವು ಬಲಶಾಲಿಯಾದ ಇಂಜಿನನ್ನೂ ಏಕೆ ಉಸಿರುಕಟ್ಟಿಸುತ್ತದೆಂಬುದು ಇದರಿಂದ ತಿಳಿಯುತ್ತದೆ. ಕಿಡಿಯ ಲೆಕ್ಕವೂ ಅಷ್ಟೇ ಸ್ವಾರಸ್ಯವಾಗಿದೆ. ನಾಲ್ಕು ಹೊಡೆತಗಳ ಇಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರಿಗೂ ಎರಡು ಸುತ್ತುಗಳಿಗೊಮ್ಮೆ ಕಿಡಿ ಬೇಕು. ಆರು ಸಿಲಿಂಡರುಗಳಿರುವುದರಿಂದ ಸುತ್ತಿಗೆ ಮೂರು ಕಿಡಿಗಳು. ಇಂಜಿನು ನಿಮಿಷಕ್ಕೆ ೨,೦೦೦ ಸುತ್ತು ತಿರುಗುವಾಗ ನಿಮಿಷಕ್ಕೆ ೬,೦೦೦, ಎಂದರೆ ಸೆಕೆಂಡಿಗೆ ೧೦೦ ಕಿಡಿಗಳು. ಒಂದೊಂದೂ ತನ್ನ ಗಳಿಗೆಯನ್ನು ತಪ್ಪದೆ ಬರಬೇಕು.

ದೀಪ ಹೇಳುವ ಸುಳ್ಳು

ಚಾಲನೆಯ ಕೀಲಿಯನ್ನು ತಿರುಗಿಸಿದಾಗ ಇಂಜಿನು ತಿರುಗುತ್ತದೆಯೆ, ಇಲ್ಲವೆ? ಇದೇ ಮೊದಲನೆಯ ಪ್ರಶ್ನೆ. ತಿರುಗದೆ ಬರಿಯ 'ಟಕ್' ಎಂಬ ಸದ್ದು ಬಂದರೆ ಪೆಟ್ರೋಲು, ಕಿಡಿಗಳ ಗೊಡವೆ ಆಗ ಬೇಡ. ದೋಷವು ಬಹುಮಟ್ಟಿಗೆ ವಿದ್ಯುತ್ ಮಾರ್ಗದಲ್ಲಿದೆ. ಒಂದೇ ಪ್ರಶ್ನೆಯಿಂದ ಅರ್ಧದಷ್ಟು ಸಂಶಯಗಳು ತೊಲಗಿದುವು. ಒಳ್ಳೆಯ ನಿದಾನದ ಗುಟ್ಟೇ ಇದು: ಪ್ರತಿಯೊಂದು ಪರೀಕ್ಷೆಯೂ ಉಳಿದ ಸಾಧ್ಯತೆಗಳನ್ನು ಆದಷ್ಟು ಸಮವಾಗಿ ಇಬ್ಭಾಗಿಸುವಂತಿರಬೇಕು.

ಹನ್ನೆರಡು ವೋಲ್ಟಿನದೆಂದು ಕರೆಯುವ ಬ್ಯಾಟರಿಯಲ್ಲಿ ಆರು ಕೋಶಗಳಿವೆ. ಪೂರ್ಣವಾಗಿ ತುಂಬಿದಾಗ ಕೋಶವೊಂದಕ್ಕೆ ೨.೧ರಂತೆ ಒಟ್ಟು ೧೨.೬ ವೋಲ್ಟ್ ಇರುತ್ತದೆ. ೧೨.೨ಕ್ಕೆ ಇಳಿದಿದ್ದರೆ ಅರ್ಧ ಬರಿದಾಗಿದೆಯೆಂದು ತಿಳಿಯಬಹುದು. ಬ್ಯಾಟರಿ ಚೆನ್ನಾಗಿದ್ದೂ ಚಾಲಕ ಮೋಟಾರು ತಿರುಗದಿದ್ದರೆ? ಅನೇಕರು ಒಂದು ಚಿಕ್ಕ ಪರೀಕ್ಷಾ ದೀಪವನ್ನು ತಂತಿಯ ತುದಿಗೆ ಮುಟ್ಟಿಸಿ, ಅದು ಪ್ರಕಾಶಮಾನವಾಗಿ ಬೆಳಗಿದರೆ 'ಇಲ್ಲಿಯವರೆಗೆ ವಿದ್ಯುತ್ತು ಬರುತ್ತಿದೆ; ಮೋಟಾರೇ ಕೆಟ್ಟಿದೆ' ಎಂದು ತೀರ್ಮಾನಿಸುತ್ತಾರೆ. ಈ ತೀರ್ಮಾನವು ತಪ್ಪಾಗಬಹುದು. ಏಕೆಂಬುದಕ್ಕೆ ಓಮ್‌ನ ನಿಯಮವೇ ಉತ್ತರ.

ಬ್ಯಾಟರಿಯ ಕೊನೆಗೂ ತಂತಿಯ ಹಿಡಿಗೂ ನಡುವೆ ಕಿಲುಬು ಹಿಡಿದು ೦.೦೧ ಓಮಿನಷ್ಟು ಅತ್ಯಲ್ಪ ರೋಧ ಉಂಟಾಗಿದೆಯೆಂದು ಎಣಿಸಿರಿ. ಪರೀಕ್ಷಾ ದೀಪವು ಎಳೆಯುವ ಪ್ರವಾಹ ಕಾಲು ಆಂಪಿಯರ್ ಮಾತ್ರ. ಆಗ ಕಿಲುಬಿನಲ್ಲಿ ನಷ್ಟವಾಗುವುದು ೦.೦೦೨೫ ವೋಲ್ಟ್, ದೀಪಕ್ಕೆ ಇದು ತಿಳಿಯುವುದೇ ಇಲ್ಲ. ಆದರೆ ಚಾಲಕ ಮೋಟಾರು ೨೦೦ ಆಂಪಿಯರ್ ಎಳೆಯುವಾಗ ಅದೇ ಕಿಲುಬು ೨ ವೋಲ್ಟನ್ನು ನುಂಗುತ್ತದೆ. ೪೦೦ ವ್ಯಾಟಿನಷ್ಟು ಶಕ್ತಿಯು ಅಲ್ಲಿಯೇ ಉಷ್ಣವಾಗಿ ವ್ಯರ್ಥವಾಗುತ್ತದೆ. ದೀಪವು ತನ್ನ ಮಟ್ಟಿಗೆ ಸತ್ಯವನ್ನೇ ನುಡಿಯಿತು. ನಾವು ಕೇಳಿದ ಪ್ರಶ್ನೆಯೇ ಸರಿಯಾಗಿರಲಿಲ್ಲ. ಹೊರೆಯಿಲ್ಲದಾಗ ಮಾಡಿದ ಪರೀಕ್ಷೆಯು ಹೊರೆಯ ಕಾಲದ ಸಂಗತಿಯನ್ನು ಹೇಳಲಾರದು.

ಆದುದರಿಂದ ಬಲ್ಲವರು ವೋಲ್ಟ್‌ಮಾಪಕದ ಒಂದು ತುದಿಯನ್ನು ಬ್ಯಾಟರಿಯ ಸೀಸದ ಕೊನೆಗೂ ಇನ್ನೊಂದನ್ನು ಅದನ್ನು ಅಪ್ಪಿದ ಹಿಡಿಗೂ ಇರಿಸಿ, ಇನ್ನೊಬ್ಬರಿಂದ ಕೀಲಿಯನ್ನು ತಿರುಗಿಸುತ್ತಾರೆ. ಒಂದು ಜೋಡಣೆಯಲ್ಲಿ ೦.೨ ವೋಲ್ಟಿಗಿಂತ ಹೆಚ್ಚು ನಷ್ಟವಾದರೆ ಅಲ್ಲಿ ಕೊಳೆಯುಂಟು. ಇಂಜಿನಿಗೂ ಚೌಕಟ್ಟಿಗೂ ಇರುವ ಭೂಸಂಪರ್ಕದ ತಂತಿಯನ್ನೂ ಹೀಗೆಯೇ ಪರೀಕ್ಷಿಸಬೇಕು. ಹಳೆಯ ವಾಹನಗಳಲ್ಲಿ ತುಕ್ಕು ಮೊದಲು ಮನೆಮಾಡುವ ಸ್ಥಳ ಅದೇ. ಹಲವು ವೇಳೆ ಹೊಸ ಮೋಟಾರಿನ ಬೆಲೆಯನ್ನು ಒಂದು ತಂತಿಯ ಕುಂಚವು ಉಳಿಸುತ್ತದೆ.

ಕಿಡಿಯ ಪರೀಕ್ಷೆ

ಇಂಜಿನು ಚೆನ್ನಾಗಿ ತಿರುಗುತ್ತಿದ್ದೂ ಹೊತ್ತಿಕೊಳ್ಳದಿದ್ದರೆ ಮುಂದಿನ ಪ್ರಶ್ನೆ: ಕಿಡಿ ಇದೆಯೆ? ಬ್ಯಾಟರಿಯ ಅಲ್ಪ ವೋಲ್ಟಿನಿಂದ ಕಿಡಿಯನ್ನು ಹಾರಿಸುವ ವಿಧಾನವನ್ನು ಕಾರುಗಳಲ್ಲಿ ಯಶಸ್ವಿಯಾಗಿ ಬಳಕೆಗೆ ತಂದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ೧೯೧೨ರ ಕ್ಯಾಡಿಲ್ಯಾಕ್ ಕಾರಿಗೆ ವಿದ್ಯುತ್ ಚಾಲಕವನ್ನು ಒದಗಿಸಿ, ಕೈಯಿಂದ ಹಿಡಿ ತಿರುಗಿಸುವ ಕಷ್ಟವನ್ನು ತಪ್ಪಿಸಿದವನೂ ಅವನೇ. ಅವನ ಕಿಡಿಯ ವ್ಯವಸ್ಥೆಯು ೧೯೭೦ರ ದಶಕದ ಮಧ್ಯದವರೆಗೂ ಪಿಕಪ್ಪುಗಳಲ್ಲಿ ಇತ್ತು. ನಮ್ಮಲ್ಲಿಯೂ ಪೆಟ್ರೋಲಿನ ಹಳೆಯ ಜೀಪುಗಳೂ ಅಂಬಾಸಿಡರ್ ಕಾರುಗಳೂ ಇದೇ ತತ್ತ್ವದಿಂದ ಓಡಿದುವು.

ಅದರ ಕಾರ್ಯ ಹೀಗೆ. ಒಂದು ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿಗಳ ಸುರುಳಿಗಳಿವೆ. ಒಂದರಲ್ಲಿ ಕೆಲವೇ ನೂರು ಸುತ್ತುಗಳು, ಇನ್ನೊಂದರಲ್ಲಿ ಅದರ ನೂರರಷ್ಟು. ಮೊದಲನೆಯದರಲ್ಲಿ ಬ್ಯಾಟರಿಯ ಪ್ರವಾಹ ಹರಿಯುತ್ತಿರುವಾಗ ಕಾಂತಕ್ಷೇತ್ರವು ಏರ್ಪಡುತ್ತದೆ. ಸಂಪರ್ಕದ ಎರಡು ಮೊನೆಗಳು ಥಟ್ಟನೆ ಬೇರ್ಪಟ್ಟಾಗ ಪ್ರವಾಹವು ನಿಂತು, ಆ ಕ್ಷೇತ್ರವು ಕುಸಿದು, ಎರಡನೆಯ ಸುರುಳಿಯಲ್ಲಿ ೨೦,೦೦೦ ವೋಲ್ಟಿನಷ್ಟು ವಿದ್ಯುತ್ತು ಪ್ರೇರಿತವಾಗುತ್ತದೆ. ಮೊನೆಗಳಿಗೆ ಜೊತೆಯಾಗಿರುವ ಚಿಕ್ಕ ಕಂಡೆನ್ಸರು, ಅವು ಬೇರ್ಪಡುವಾಗ ನಡುವೆ ಚಾಪ ಹೊತ್ತದಂತೆ ತಡೆದು ಕುಸಿತವನ್ನು ಶೀಘ್ರಗೊಳಿಸುತ್ತದೆ. ಕಂಡೆನ್ಸರು ಕೆಟ್ಟರೆ ಮೊನೆಗಳು ಸುಟ್ಟು ಕಪ್ಪಾಗುತ್ತವೆ, ಕಿಡಿಯು ಕ್ಷೀಣಿಸುತ್ತದೆ. ಸುಟ್ಟ ಮೊನೆಗಳನ್ನು ಮಾತ್ರ ಬದಲಿಸಿ ಕಂಡೆನ್ಸರನ್ನು ಹಾಗೆಯೇ ಬಿಟ್ಟವನು ಸ್ವಲ್ಪ ದಿನಗಳಲ್ಲಿ ಮತ್ತೆ ಅದೇ ಕೆಲಸವನ್ನು ಮಾಡಬೇಕಾಗುತ್ತದೆ. ಲಕ್ಷಣವನ್ನು ಕಳೆದರೂ ಕಾರಣವನ್ನು ಕಳೆದಂತಾಗಲಿಲ್ಲ.

ಕಿಡಿಯನ್ನು ನೋಡಲು ಭೂಸಂಪರ್ಕವಿರುವ ಪರೀಕ್ಷಾ ಪ್ಲಗ್ಗನ್ನು ಬಳಸಬೇಕು. ಪೆಟ್ರೋಲಿನ ಆವಿ ಸುಳಿಯದ ಕಡೆಯಲ್ಲಿ ಅದನ್ನಿರಿಸಬೇಕು. ದಪ್ಪನಾದ ನೀಲಿ ಕಿಡಿ ಆರೋಗ್ಯದ ಗುರುತು; ಸಣ್ಣನೆಯ ಹಳದಿ ಕಿಡಿ ದೌರ್ಬಲ್ಯದ ಗುರುತು. ಪ್ಲಗ್ಗುಗಳ ತಂತಿಗಳನ್ನು ಕೀಳುವ ಮೊದಲು ಒಂದೊಂದಕ್ಕೂ ಅಂಕಿಯನ್ನು ಬರೆದ ಚೀಟಿಯನ್ನು ಕಟ್ಟುವುದು ಒಳ್ಳೆಯದು. ಈ ಇಂಜಿನಿನಲ್ಲಿ ಕಿಡಿಯು ೧-೫-೩-೬-೨-೪ ಎಂಬ ಕ್ರಮದಲ್ಲಿ ಬರುತ್ತದೆ. ಎರಡು ತಂತಿಗಳು ಅದಲುಬದಲಾದರೆ ಕಿಡಿಯಿದ್ದೂ ಗಳಿಗೆ ತಪ್ಪಿ, ಇಂಜಿನು ಕೆಮ್ಮುತ್ತದೆ.

ಪೆಟ್ರೋಲು ಮತ್ತು ಸಂಪೀಡನ

ಕಿಡಿ ಸರಿಯಾಗಿದ್ದರೆ ಸಂಶಯವು ಪೆಟ್ರೋಲಿನ ಕಡೆಗೆ ತಿರುಗುತ್ತದೆ. ಇಂಜಿನನ್ನು ನಿಲ್ಲಿಸಿ, ಗಾಳಿಶೋಧಕವನ್ನು ತೆಗೆದು, ವೇಗವರ್ಧಕದ ಸನ್ನೆಯನ್ನು ಕೈಯಿಂದ ಆಡಿಸಿದರೆ ಕಾರ್ಬುರೇಟರಿನ ಕಂಠದಲ್ಲಿ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಬೇಕು. ಚಿಮ್ಮಿದರೆ ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಪೆಟ್ರೋಲು ಬಂದಿದೆಯೆಂದಾಯಿತು. ಚಿಮ್ಮದಿದ್ದರೆ ಶೋಧಕ, ಪಂಪು, ಕೊಳವೆಗಳನ್ನು ಕ್ರಮವಾಗಿ ನೋಡುತ್ತ ಹಿಂದಕ್ಕೆ ಹೋಗಬೇಕು. ಅಮೆರಿಕದಲ್ಲಿ ಇಂದು ಮಾರಾಟವಾಗುವ ಪೆಟ್ರೋಲಿನ ಬಹುಪಾಲಿನಲ್ಲಿ ನೂರಕ್ಕೆ ೧೦ರಷ್ಟು ಎಥನಾಲ್ ಬೆರೆತಿರುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರು ಕೊಳವೆಗಳು ಮೆತ್ತಗಾಗಿ ಬಿರಿಯುವುದುಂಟು. ಅವುಗಳ ಚೂರುಗಳು ಶೋಧಕವನ್ನು ಮುಚ್ಚುವುದೂ ಉಂಟು.

ಕಿಡಿಯೂ ಪೆಟ್ರೋಲೂ ಇದ್ದು ಇಂಜಿನು ಓಡದಿದ್ದರೆ, ಅಥವಾ ಕುಂಟುತ್ತಿದ್ದರೆ, ಪ್ಲಗ್ಗುಗಳನ್ನು ತೆಗೆದು ಪ್ರತಿಯೊಂದು ಸಿಲಿಂಡರಿನ ಸಂಪೀಡನವನ್ನು ಒತ್ತಡಮಾಪಕದಿಂದ ಅಳೆಯಬೇಕು. ಅತಿ ಕಡಿಮೆಯಾದುದು ಅತಿ ಹೆಚ್ಚಿನದರ ಮುಕ್ಕಾಲು ಪಾಲಿಗಿಂತ ಕೆಳಗೆ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆಯನ್ನು ಹಾಕಿ ಮತ್ತೆ ಅಳೆದು ನೋಡಿರಿ. ಒತ್ತಡವು ಏರಿದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ. ಎಣ್ಣೆಯು ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತು. ಏರದಿದ್ದರೆ ಕವಾಟಗಳಲ್ಲಿ ಸೋರಿಕೆಯಿದೆ. ನೆರೆಹೊರೆಯ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕುಗ್ಗಿದ್ದರೆ ಅವುಗಳ ನಡುವಣ ಗ್ಯಾಸ್ಕೆಟ್ಟು ಹರಿದಿರಬಹುದು. ಇಂಜಿನನ್ನು ಬಿಚ್ಚದೆಯೇ ಅದರ ಒಡಲೊಳಗಿನ ಸುದ್ದಿಯನ್ನು ಒಂದು ಚಮಚ ಎಣ್ಣೆ ತಿಳಿಸುವುದು ಸೋಜಿಗವಲ್ಲವೆ?

ಬಿಸಿಯಾದಾಗ ಮಾತ್ರ ಬರುವ ರೋಗ

ಇದುವರೆಗೆ ಹೇಳಿದ ದೋಷಗಳು ನಿಂತಲ್ಲಿ ನಿಂತು ಪರೀಕ್ಷೆಗೆ ಒಡ್ಡಿಕೊಳ್ಳುವಂಥವು. ಇದಕ್ಕಿಂತ ಕಠಿನವಾದುದು, ಬಂದು ಮಾಯವಾಗುವ ದೋಷ. ಟ್ರಕ್ಕು ಬೆಳಗ್ಗೆ ಚೆನ್ನಾಗಿ ಓಡುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಇಪ್ಪತ್ತು ಮೈಲಿ ಓಡಿದ ಮೇಲೆ ತಾನೇ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಕಾರಣವೇನು?

ಮೂರು ಊಹೆಗಳನ್ನು ಮುಂದಿಡೋಣ. ಮೊದಲನೆಯದು, ಪೆಟ್ರೋಲು ಕೊಳವೆಯಲ್ಲಿಯೇ ಕುದಿದು ಆವಿಯಾಗಿರಬಹುದು. ಒತ್ತಡ ಕಡಿಮೆಯಾದಂತೆ ದ್ರವದ ಕುದಿಬಿಂದುವೂ ಇಳಿಯುತ್ತದೆಂಬುದನ್ನು ನೀವು ಓದಿದ್ದೀರಿ; ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ೯೭ ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೇ ಕುದಿಯುತ್ತದೆ. ಹಳೆಯ ಟ್ರಕ್ಕುಗಳ ಪಂಪು ಇಂಜಿನಿನ ಪಕ್ಕದಲ್ಲಿದ್ದು, ದೂರದ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರುವ ಕಡೆಯಲ್ಲಿ ಒತ್ತಡ ಕಡಿಮೆ, ಸುತ್ತಲೂ ಇಂಜಿನಿನ ಕಾವು. ಆದುದರಿಂದ ಅಲ್ಲಿ ಆವಿಯ ಗುಳ್ಳೆಗಳು ಏಳುವುದು ಸುಲಭ. ಪಂಪು ದ್ರವವನ್ನು ಬಿಟ್ಟು ಆವಿಯನ್ನು ಅದುಮುತ್ತ ನಿಷ್ಫಲವಾಗುತ್ತದೆ. ಎರಡನೆಯದು, ಕಿಡಿಯ ಸುರುಳಿಯೊಳಗೆ ಬಿರಿದ ತಂತಿಯೊಂದು ಕಾವಿಗೆ ಹಿಗ್ಗಿ ಬೇರ್ಪಡುತ್ತಿರಬಹುದು. ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತಿರಬಹುದು. ಮೂರನೆಯದು, ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ಮುಚ್ಚಿ, ಪೆಟ್ರೋಲು ಖರ್ಚಾದಂತೆ ಒಳಗೆ ನಿರ್ವಾತವು ಬೆಳೆದು, ಪಂಪಿಗೆ ಹೀರಲಾಗದಿರಬಹುದು. ನಿಂತ ಮೇಲೆ ನಿಧಾನವಾಗಿ ಗಾಳಿ ನುಸುಳಿದಾಗ ಟ್ರಕ್ಕು ಮತ್ತೆ ಹೊರಡುತ್ತದೆ.

ಮೂರರ ಲಕ್ಷಣವೂ ಒಂದೇ. ಕಾರಣಗಳು ಮಾತ್ರ ಬೇರೆ ಬೇರೆ. ಇವುಗಳನ್ನು ಬೇರ್ಪಡಿಸುವ ಸಾಕ್ಷ್ಯವು ದೊರೆಯುವುದು ಟ್ರಕ್ಕು ನಿಂತ ಮೊದಲ ಕೆಲವು ನಿಮಿಷಗಳಲ್ಲಿ ಮಾತ್ರ. ಆಗಲೇ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಬೇಕು: ಗಾಳಿಯು 'ಸುಯ್' ಎಂದು ಒಳನುಗ್ಗಿ, ಕೂಡಲೇ ಇಂಜಿನು ಓಡಿದರೆ ಮೂರನೆಯ ಊಹೆಗೆ ಬಲವಾದ ಸಾಕ್ಷಿ. ಬಳಿಕ ಕಿಡಿಯನ್ನು ನೋಡಬೇಕು: ಇಲ್ಲದಿದ್ದರೆ ಎರಡನೆಯ ಊಹೆಯ ಕಡೆಗೆ ಹೆಜ್ಜೆಯಿಡಬೇಕು. ಕಿಡಿಯಿದ್ದು ಕಾರ್ಬುರೇಟರಿನಲ್ಲಿ ಧಾರೆ ಚಿಮ್ಮದಿದ್ದರೆ ಮೊದಲನೆಯದನ್ನು ಶಂಕಿಸಬೇಕು. ಅರ್ಧ ಗಂಟೆ ಮರದ ನೆರಳಿನಲ್ಲಿ ಕುಳಿತು, ಬಳಿಕ ಪರೀಕ್ಷೆಗೆ ತೊಡಗಿದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸಾಕ್ಷ್ಯವು ಕಾವಿನೊಂದಿಗೆ ಆರಿಹೋಗಿರುತ್ತದೆ.

ಇಲ್ಲಿ ಇನ್ನೊಂದು ಬಲೆಯುಂಟು. ಒಬ್ಬನು ಏನನ್ನೂ ಪರೀಕ್ಷಿಸದೆ ಪಂಪನ್ನು ಬದಲಿಸಿದನೆನ್ನಿರಿ. ಕೆಲಸ ಮುಗಿಯುವ ಹೊತ್ತಿಗೆ ಸಂಜೆಯಾಯಿತು; ತಂಪಾಗಿದೆ; ಟ್ರಕ್ಕು ಸೊಗಸಾಗಿ ಓಡಿತು. ಅವನು ಗೆದ್ದೆನೆಂದುಕೊಂಡ. ಆದರೆ ಓಡಿಸಿದುದು ಹೊಸ ಪಂಪೋ, ಸಂಜೆಯ ತಂಪೋ? ಎರಡು ಸಂಗತಿಗಳು ಒಮ್ಮೆಲೇ ಬದಲಾಗಿರುವುದರಿಂದ ಯಾವುದಕ್ಕೂ ಕೀರ್ತಿಯನ್ನು ಕೊಡುವಂತಿಲ್ಲ. ಎರಡು ದಿನಗಳ ಬಳಿಕ ಮಧ್ಯಾಹ್ನದಲ್ಲಿ, ಹೊರೆ ತುಂಬಿ, ಅದೇ ಇಪ್ಪತ್ತು ಮೈಲಿ ಓಡಿಸಿ ಗೆದ್ದರೆ ಮಾತ್ರ ಅದು ಗೆಲುವು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೊದಲಿನ ಸನ್ನಿವೇಶದಲ್ಲಿಯೇ ಮತ್ತೆ ಪರೀಕ್ಷಿಸಬೇಕು. ರೋಗಿಗೆ ಗುಣವಾದ ಮಾತ್ರಕ್ಕೆ ಔಷಧವೇ ಗುಣಪಡಿಸಿತೆಂದು ಹೇಳಲಾಗದೆಂಬ ವೈದ್ಯಶಾಸ್ತ್ರದ ಎಚ್ಚರಿಕೆಯೂ ಇದೇ ಆಗಿದೆ.

ಪ್ರಯೋಗ ಸಲ್ಲದ ಸ್ಥಳಗಳು

ಇಂಜಿನಿನಲ್ಲಿ ತಪ್ಪಿದರೆ ಟ್ರಕ್ಕು ನಿಲ್ಲುತ್ತದೆ; ಬ್ರೇಕಿನಲ್ಲಿ ತಪ್ಪಿದರೆ ಟ್ರಕ್ಕು ನಿಲ್ಲುವುದಿಲ್ಲ. ದ್ರವದ ಬ್ರೇಕು ಪ್ಯಾಸ್ಕಲನ ನಿಯಮದಂತೆ ಕಾಲಿನ ಒತ್ತಡವನ್ನು ಚಕ್ರಗಳಿಗೆ ಒಯ್ಯುತ್ತದೆ. ಕೊಳವೆಯಲ್ಲಿ ಗಾಳಿ ಸೇರಿದರೆ, ಗಾಳಿಯು ಅದುಮಿದಂತೆ ಕುಗ್ಗುವುದರಿಂದ ಪೆಡಲು ಸ್ಪಂಜಿನಂತೆ ಮೆತ್ತಗಾಗುತ್ತದೆ. 'ಡಾಟ್ ೩' ಎಂಬ ದರ್ಜೆಯ ಹೊಸ ಬ್ರೇಕ್ ದ್ರವವು ೨೦೫ ಡಿಗ್ರಿಗಿಂತ ಕೆಳಗೆ ಕುದಿಯಬಾರದೆಂಬುದು ನಿಯಮ. ನೀರನ್ನು ಹೀರಿಕೊಂಡ ಮೇಲೆ ಈ ಮಿತಿಯು ೧೪೦ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಕಾದ ಬ್ರೇಕಿನಲ್ಲಿ ಹಳೆಯ ದ್ರವವು ಕುದಿದು ಆವಿಯಾದರೆ ಪೆಡಲು ತಳ ಮುಟ್ಟುತ್ತದೆ, ಟ್ರಕ್ಕು ಓಡುತ್ತಲೇ ಇರುತ್ತದೆ. ೧೯೬೦ರ ದಶಕದ ಮಧ್ಯಕ್ಕೆ ಹಿಂದಿನ ಅನೇಕ ಟ್ರಕ್ಕುಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ದ್ರವಮಾರ್ಗವಿತ್ತು. ಒಂದೆಡೆ ಸೋರಿದರೆ ಎಲ್ಲವೂ ಹೋದಂತೆ. ಆದುದರಿಂದ ಅನುಭವಿಯೊಬ್ಬನು ಪಕ್ಕದಲ್ಲಿ ನಿಂತು ನೋಡದೆ ವಿದ್ಯಾರ್ಥಿಯು ಬ್ರೇಕಿಗೆ ಕೈಹಾಕಬಾರದು. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳನ್ನು ಊದಿ ಹಾರಿಸುವುದು ಶ್ವಾಸಕೋಶಕ್ಕೆ ಮಾರಕ.

ಇನ್ನು ಕೆಲವು ನಿಯಮಗಳಿಗೆ ವಿನಾಯಿತಿಯೇ ಇಲ್ಲ. ಒಂದೂವರೆ ಟನ್ನಿಗೂ ಮಿಗಿಲಾದ ವಾಹನವನ್ನು ಬರಿಯ ಜ್ಯಾಕಿನ ಮೇಲೆ ಎತ್ತಿ ಅದರಡಿಗೆ ನುಸುಳಬಾರದು. ಸಮನೆಲದ ಮೇಲೆ ಭದ್ರವಾದ ಉಕ್ಕಿನ ಆಧಾರಗಳನ್ನು ಕೊಟ್ಟು, ಚಕ್ರಗಳಿಗೆ ತಡೆಯಿಡಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನನ್ನು ಓಡಿಸಬಾರದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡು ರಕ್ತದ ಹೀಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಬ್ಯಾಟರಿಯಿಂದ ಹೊಮ್ಮುವ ಜಲಜನಕವು ಒಂದು ಕಿಡಿಗೇ ಸಿಡಿಯುತ್ತದೆ. ರೇಡಿಯೇಟರಿನ ಮುಚ್ಚಳವಂತೂ ಕುದಿಬಿಂದುವಿನ ಪಾಠವನ್ನೇ ತಿರುವಿಹಾಕಿದಂತಿದೆ: ಒಳಗೆ ಒತ್ತಡವು ಎರಡು ವಾಯುಮಂಡಲಗಳಷ್ಟಿದ್ದಾಗ ನೀರು ೧೨೦ ಡಿಗ್ರಿಯವರೆಗೂ ಕುದಿಯದೆ ಇರುತ್ತದೆ. ಆಗ ಮುಚ್ಚಳವನ್ನು ತೆರೆದರೆ ಒತ್ತಡ ಇಳಿದು, ಅದೇ ನೀರು ಕ್ಷಣಾರ್ಧದಲ್ಲಿ ಭೋರ್ಗರೆದು ಮುಖಕ್ಕೆ ಎರಗುತ್ತದೆ. ತಣಿಯುವವರೆಗೆ ಕಾಯುವುದೇ ಮದ್ದು.

ಗಣಕಯಂತ್ರ ಬಂದ ಮೇಲೆ

೧೯೮೭ರಲ್ಲಿ ಈ ಆರು ಸಿಲಿಂಡರಿನ ಇಂಜಿನಿಗೂ ಕಾರ್ಬುರೇಟರು ಹೋಗಿ, ಗಣಕದ ಹತೋಟಿಯಲ್ಲಿ ಪೆಟ್ರೋಲನ್ನು ಚಿಮುಕಿಸುವ ವ್ಯವಸ್ಥೆ ಬಂದಿತು. ೧೯೯೬ರ ಮಾದರಿಯಿಂದ ಅಮೆರಿಕದಲ್ಲಿ ಮಾರುವ ಹೊಸ ಕಾರುಗಳೂ ಹಗುರ ಟ್ರಕ್ಕುಗಳೂ ದೋಷವನ್ನು ಏಕರೂಪದ ಸಂಕೇತಗಳಲ್ಲಿ ತಿಳಿಸಬೇಕೆಂಬ ನಿಯಮ ಜಾರಿಗೆ ಬಂದಿತು. ಮಾಹಿತಿಯು ತಯಾರಕರ ಬಳಿಯೇ ಉಳಿದರೆ ಮನೆಯ ದುರಸ್ತಿಯು ಅಳಿಯುವುದೆಂಬ ಕಳವಳದಿಂದ ಮೆಸಾಚುಸೆಟ್ಸ್ ಸಂಸ್ಥಾನದ ಮತದಾರರು ೨೦೧೨ರಲ್ಲಿ ವಾಹನ ದುರಸ್ತಿಯ ಹಕ್ಕನ್ನು ಎತ್ತಿಹಿಡಿದರು.

ಆದರೆ ಸಂಕೇತವೂ ಲಕ್ಷಣವೇ ಹೊರತು ಕಾರಣವಲ್ಲ. 'ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ' ಎಂದು ಗಣಕವು ಹೇಳಿದರೆ, ಪಂಪು ದುರ್ಬಲವಾಗಿರಬಹುದು, ಗಾಳಿಯ ಕೊಳವೆ ಬಿರಿದಿರಬಹುದು, ಅಥವಾ ಹೇಳಿದ ಸಂವೇದಕವೇ ಕೆಟ್ಟಿರಬಹುದು. ಸಂಕೇತದಲ್ಲಿ ಹೆಸರು ಬಂದ ಭಾಗವನ್ನು ಕಿತ್ತು ಬಿಸಾಡುವವನು ಪರೀಕ್ಷಾ ದೀಪವನ್ನು ನಂಬಿ ಮೋಟಾರನ್ನು ಬದಲಿಸಿದವನ ಸೋದರನೇ ಸರಿ. ಉಪಕರಣವು ಹೊಸದಾದರೂ ವಿಚಾರಮಾಡುವ ಹೊಣೆ ಮನುಷ್ಯನದೇ.

ಹಳೆಯ ಟ್ರಕ್ಕಿನ ದೊಡ್ಡ ಉಪಕಾರವೆಂದರೆ ಅದರ ಅಂಗಾಂಗಗಳೆಲ್ಲ ಕಣ್ಣಿಗೆ ಕಾಣುವಂತಿರುವುದು. ಓಮ್‌ನ ನಿಯಮ, ವಿದ್ಯುತ್ ಪ್ರೇರಣೆ, ಕುದಿಬಿಂದು, ಪ್ಯಾಸ್ಕಲನ ನಿಯಮ ಇವೆಲ್ಲ ಅಲ್ಲಿ ಪುಟಗಳಲ್ಲಿ ಮಲಗಿಲ್ಲ. ತುಕ್ಕು, ಎಣ್ಣೆ, ಕಾವುಗಳ ನಡುವೆ ದುಡಿಯುತ್ತಿವೆ. ನಿಮ್ಮ ಮನೆಯಲ್ಲಿ ಟ್ರಕ್ಕು ಇಲ್ಲದಿರಬಹುದು. ಆದರೆ ನಿಂತ ನೀರಿನ ಪಂಪು, ಉರಿಯದ ಸೈಕಲ್ಲಿನ ದೀಪ, ಹೊರಡದ ಸ್ಕೂಟರು ಇದ್ದೇ ಇರುತ್ತವೆ. ಮುಂದಿನ ಸಲ ಅಂತಹುದೊಂದು ಎದುರಾದಾಗ, 'ಯಾವುದನ್ನು ಬದಲಿಸಲಿ?' ಎಂದು ಕೇಳುವ ಮೊದಲು 'ಯಾವುದು ಇದೆ, ಯಾವುದು ಇಲ್ಲ? ಅದನ್ನು ತಿಳಿಯುವುದು ಹೇಗೆ?' ಎಂದು ಕೇಳಿಕೊಳ್ಳಿರಿ. ಕಾಗದದ ಮೇಲೆ ಊಹೆಗಳನ್ನು ಬರೆಯಿರಿ; ಒಂದೊಂದನ್ನೂ ಪರೀಕ್ಷಿಸಿ ಗೀಟು ಹಾಕಿರಿ. ಕೊನೆಗೆ ಉಳಿಯುವ ಒಂದು ಸಾಲಿನಲ್ಲಿ ದೋಷವು ಅವಿತಿರುತ್ತದೆ.